ಗೀಸರಿನ ನೀರೂ ಗೋದಾಬಾಯಿಯೂ

ಬಾಣಂತಿಗೆ ನೀರೆರೆಯುವುದೆಂದರೆ ಗೋದಾಬಾಯಿಯೇ ಆಗಬೇಕು. ಎಪ್ಪತ್ತರ ದಶಕದಲ್ಲಿ ಮದರಾಸಿನ ಕನ್ನಡದ ಮನೆಗಳಲ್ಲಿ ಇದು ಪ್ರಶ್ನೆಯಿಲ್ಲದ ಮಾತು. ತಿರುವಲ್ಲಿಕ್ಕೇಣಿಯ ಮನೆಗಳಲ್ಲಿ ಸೌದೆ ಒಲೆಯ ಮೇಲೆ ಹಂಡೆ. ಮಾಂಬಲದ ಕಡೆ, ನಡುಕೊಳವೆಯಲ್ಲಿ ಇದ್ದಿಲು ಉರಿಯುವ ತಾಮ್ರದ ಬಾಯ್ಲರ್. ರೈಲ್ವೆ ಕ್ವಾರ್ಟರ್ಸಿನಲ್ಲಿ ಬಕೆಟ್ಟಿಗೆ ಇಳಿಬಿಟ್ಟ ಕರೆಂಟಿನ ಕಂಬಿ. ಸ್ವಿಚ್ ಆರಿಸದೆ ನೀರು ಮುಟ್ಟಿ ಷಾಕ್ ಹೊಡೆಸಿಕೊಂಡ ಮೇಲೆ ಗೋದಾಬಾಯಿ ಆ ಕಂಬಿಗೆ ‘ಪೀಡೆ’ ಎಂದೇ ಹೆಸರಿಟ್ಟಳು. ಅದೇನೇ ಇರಲಿ, ಗಂಡ ಹೋದ ಮೇಲೆ ಆಕೆ ಯಾರಿಗೂ ಕೈಚಾಚದೆ ಬದುಕಿದ್ದು ಈ ಕೆಲಸದಿಂದಲೇ.

ಎಂಬತ್ತರ ದಶಕ ಬಂತು ನೋಡಿ, ಹಳೆ ಮನೆಗಳು ಉರುಳಿ ಫ್ಲ್ಯಾಟುಗಳೆದ್ದವು. ಹೊಗೆ ಕೂಡದು, ಹಂಡೆಗೆ ಜಾಗವಿಲ್ಲ. ಗೋಡೆ ಮೇಲೆ ಗೀಸರ್ ಏರಿ ಕೂತಿತು. “ಗೀಸರಿರುವಾಗ ಗೋದಾಬಾಯಿ ಯಾಕೆ?” ಅನ್ನುವ ಜಾಣರೂ ಹುಟ್ಟಿಕೊಂಡರು. ಒಂದೊಂದೇ ಮನೆ ತಪ್ಪಿತು. ಅಂಥದ್ದರಲ್ಲಿ ಕೋಡಂಬಾಕ್ಕದ ಫ್ಲ್ಯಾಟಿನಿಂದ ಅಂಬುಜಮ್ಮ ಹೇಳಿಕಳಿಸಿದಳು: ಮಗಳು ಉಷಾಳ ಚೊಚ್ಚಲ ಬಾಣಂತನ. ಇಲ್ಲಿ ಸೈ ಅನ್ನಿಸಿಕೊಂಡರೆ ಉಳಿದ ಫ್ಲ್ಯಾಟಿನವರೂ ಕರೆಯುತ್ತಾರೆ, ಇಲ್ಲದಿದ್ದರೆ ತನ್ನ ಕೆಲಸ ಮುಗಿದಂತೆಯೇ ಎಂದು ಗೋದಾಬಾಯಿಗೆ ಗೊತ್ತಿತ್ತು.

ಮಗುವಿಗೆ ಎರೆದಾಯಿತು. ಉಷಾಳ ಮೈಗೆ ಎಣ್ಣೆ ತಿಕ್ಕಿ, ಗೀಸರಿನ ನೀರನ್ನು ಹಂಡೆಯ ಧಾರಾಳದಲ್ಲೇ ತಂಬಿಗೆಯ ಮೇಲೆ ತಂಬಿಗೆ ಸುರಿದಳು. ಅರ್ಧದಲ್ಲಿ ಉಷಾ ಚಿಟ್ಟನೆ ಚೀರಿದಳು. ಅಯ್ಯೋ ರಾಮಾ, ಬಾಣಂತಿಯ ಬೆನ್ನಿಗೆ ತಣ್ಣೀರು!

“ಸನ್ನಿ ಹಿಡಿದ್ರೆ ಯಾರು ಗತಿ? ನಾಳೆಯಿಂದ ಬರೋದು ಬೇಡ ಗೋದಕ್ಕ,” ಎಂದಳು ಅಂಬುಜಮ್ಮ. ಗೋದಾಬಾಯಿ ಮನೆಗೆ ಹೋಗಿ ಉಣ್ಣದೆ ಅತ್ತಳು. ಅಷ್ಟು ವರ್ಷದ ಹೆಸರು ಒಂದು ತಂಬಿಗೆ ನೀರಿಗೆ ಹೋಯಿತಲ್ಲ!

ಆದರೆ ಸುಮ್ಮನೆ ಕೂರುವ ಜಾತಿಯಲ್ಲ ಅದು. ಮರುದಿನ ಬೆಳಿಗ್ಗೆ ಹೋಗಿ ಬೆಲ್ ಒತ್ತಿಯೇ ಬಿಟ್ಟಳು. “ನೀರೆರೆಯೋಕೆ ಬಂದಿಲ್ಲ. ಆ ಡಬ್ಬದ ಹೊಟ್ಟೇಲಿ ಏನಿದೆ, ಹೇಳಿ ಸಾಕು.”

ಬ್ಯಾಂಕಿಗೆ ಹೊರಟಿದ್ದ ಉಷಾಳ ಅಣ್ಣ ರಮೇಶ್ ನಿಂತು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ: “ಬಿಸಿನೀರು ಹೊರಗೆ ಹೋಗ್ತಿದ್ದ ಹಾಗೇ ತಣ್ಣೀರು ಒಳಗೆ ಬರತ್ತೆ ಗೋದಮ್ಮಾ. ಜಾಸ್ತಿ ಎಳೆದ್ರೆ ಎರಡೂ ಕಲೆತುಹೋಗತ್ತೆ. ಕೆಂಪು ಲೈಟ್ ಆರೋ ತನಕ ವೆಯಿಟ್ ಪಣ್ಣಬೇಕು, ಅಷ್ಟೇ.”

“ಅಷ್ಟೇನಾ! ಹಂಡೆಗೆ ನೀರು ನಾವೇ ಸೇರಿಸ್ತಿದ್ವಿ. ಈ ಕಳ್ಳ ಹೇಳದೆ ಕೇಳದೆ ತಾನೇ ಸೇರಿಸ್ಕೊಳ್ತಾನೆ! ಅಂಬುಜಮ್ಮಾ, ದೊಡ್ಡ ಹಿತ್ತಾಳೆ ಅಂಡಾ ತೆಗೀರಿ. ಮೊದಲು ಅದಕ್ಕೆ ಬಿಸಿನೀರು ತುಂಬಿ ಮುಚ್ಚಿಡೋಣ, ಗೀಸರ್ ಇನ್ನೊಂದು ಸಲ ಕಾದ ಮೇಲೇ ಬಾಣಂತೀನ ಕೂರಿಸೋಣ.”

ಅಂಬುಜಮ್ಮ ಬಾಗಿಲು ಬಿಡಲಿಲ್ಲ. ಒಳಗಿನಿಂದ ಉಷಾ ಕೂಗಿದಳು: “ಅಮ್ಮಾ, ನಂಗೆ ಅವರೇ ಬೇಕು. ತಣ್ಣೀರು ಬೀಳೋ ತನಕ ಎಷ್ಟು ಹಾಯಾಗಿತ್ತು ಗೊತ್ತಾ!”

ಅಂಡಾ ತುಂಬಿತು, ಕೆಂಪು ದೀಪ ಹತ್ತಿ ಆರಿತು. ಆಮೇಲೆ ಎರೆದ ನೀರು ಕೊನೆಯ ತಂಬಿಗೆಯವರೆಗೂ ಹೊಗೆಯಾಡುತ್ತಿತ್ತು. ಉಷಾ ಕೆಂಪಗಾಗಿ, ತಲೆಗೆ ಬಟ್ಟೆ ಸುತ್ತಿಸಿಕೊಂಡು, ಮಗುವಿಗಿಂತ ಮುಂಚೆ ನಿದ್ದೆ ಹೋದಳು.

ಅಂಡಾದ ತಳದಲ್ಲಿ ಬಿಸಿನೀರು ಇನ್ನೂ ಇತ್ತು. ಬಚ್ಚಲಿನ ಬಾಗಿಲಲ್ಲಿ ಅಂಬುಜಮ್ಮ ಸೆರಗಿನ ತುದಿ ತಿರುಚುತ್ತ ನಿಂತೇ ಇದ್ದಳು.

“ಇನ್ನೂ ಕೋಪಾನಾ?” ಎಂದಳು ಗೋದಾಬಾಯಿ.

“ಅಲ್ಲ ಗೋದಕ್ಕ... ಉಷಾ ಹುಟ್ಟಿದ ಮೇಲೆ ನನ್ನ ಬೆನ್ನಿಗೆ ಯಾರೂ ನೀರು ಹಾಕಿಲ್ಲ.”

ಗೋದಾಬಾಯಿ ಮಣೆ ಎಳೆದು ಹಾಕಿದಳು. “ಬನ್ನಿ, ಕೂತ್ಕೊಳಿ.”