ವಾಸಂತಿಯ ‘ಹಚ್ಚು’, ಪದ್ಮನಾಭರ ‘ಹಚ್ಚು’

ತಮಿಳುನಾಡಿನ ಗಿಂಡಿಯ ಬಿಸ್ಕತ್ತು ಕಾರ್ಖಾನೆಯಲ್ಲಿ ವಾಸಂತಿ ವರ್ಷಗಟ್ಟಲೆ ಡಬ್ಬಿಗಳಿಗೆ ಚೀಟಿ ಅಂಟಿಸಿದವಳು. ಮನಸ್ಸೆಲ್ಲ ಮಾತ್ರ ಆ ಡಬ್ಬಿಗಳನ್ನು ಸಾಗಿಸುವ ಮಷೀನಿನ ಚೈನಿನ ಮೇಲೆ. ಅದು ಕಿರುಗುಟ್ಟಿದರೆ ಇವಳಿಗೆ ಊಟ ಸೇರದು, ಅಂಥ ಹುಚ್ಚು. ಅದನ್ನು ಕಂಡೇ ಹಿರಿಯ ಫಿಟ್ಟರ್ ಪದ್ಮನಾಭ, ತಮ್ಮ ನಿವೃತ್ತಿಯ ಮೇಲೆ ಚೈನಿನ ಕೆಲಸ ಇವಳಿಗೇ ಕೊಡಬೇಕೆಂದು ಹಟ ಹಿಡಿದರು. ಗಟ್ಟಿ ಗ್ರೀಸ್ ಹೊರಗೇ ಕೂತು ಧೂಳು ಹಿಡಿಯುತ್ತದೆ, ತೆಳು ಎಣ್ಣೆಯೇ ಕೊಂಡಿಗಳ ಸಂದಿಗೆ ಇಳಿಯುವುದು ಎಂದು ಕಲಿಸಿದರು. ಎಲ್ಲವೂ ಕಾರ್ಖಾನೆಯ ಮಾತಾದ ತಮಿಳಿನಲ್ಲಿ. ಹಾಗೆ ನೋಡಿದರೆ ಇಬ್ಬರೂ ಕನ್ನಡದವರೇ, ಪದ್ಮನಾಭರ ಹಿರಿಯರು ಮೈಸೂರಿನವರು, ಇವಳ ಅಪ್ಪ ರೈಲ್ವೆ ಕೆಲಸಕ್ಕೆ ಧಾರವಾಡದಿಂದ ಬಂದವರು.

ಮ್ಯಾನೇಜರ್ ಎದುರು ಕೆಲಸ ಮಾಡಿ ತೋರಿಸುವ ದಿನ ವಾಸಂತಿ ಕಲಿತದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ಧೈರ್ಯ ಬರಲಿ ಎಂದು ಪದ್ಮನಾಭ ಅಂದು ಕನ್ನಡಕ್ಕೆ ತಿರುಗಿದರು. ಅದೇ ಎಡವಟ್ಟಾಯಿತು. ನಿಂತ ಮಷೀನಿನ ಆಚೆ ಬಗ್ಗಿ ಅವರು ಚೈನಿನ ಜಿಡ್ಡು ಒರೆಸುತ್ತಿದ್ದರು. ಎಣ್ಣೆ ಡಬ್ಬಿ ತರಲು ಇವಳು ಸ್ವಿಚ್ಚಿನ ಹತ್ತಿರ ಹೋಗಿದ್ದಳು.

“ಆಯ್ತು, ಹಚ್ಚಮ್ಮ” ಎಂದರು.

ಹಚ್ಚಿದಳು. ಸ್ವಿಚ್ಚನ್ನು!

ಚೈನು ಅವರ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಎಳೆದುಕೊಂಡಿತು. ದೇವರ ದಯೆ, ಬೆರಳು ಉಳಿದವು.

“ಎಣ್ಣೆ ಹಚ್ಚು ಅಂದೆ ಕಣಮ್ಮಾ!”

“ನಮ್ಮ ಮನ್ಯಾಗ ಹಚ್ಚು ಅಂದ್ರ ಸ್ವಿಚ್ ಹಾಕೂದ್ರಿ.” ವಾಸಂತಿ ಮಷೀನ್ ನಿಲ್ಲಿಸಿ ಅತ್ತೇಬಿಟ್ಟಳು. “ಈ ಕೆಲಸ ನನ್ನ ಕಡಿಂದ ಆಗೂದಿಲ್ರಿ. ಚೀಟಿನ ಅಂಟಸ್ತೀನಿ.”

ಮ್ಯಾನೇಜರ್ ಮುಖ ಗಂಟಿಕ್ಕಿದರು. ಪದ್ಮನಾಭರು, ಸ್ವಿಚ್ಚಿಗೆ ಬೀಗ ಹಾಕದೆ ಕೈ ಒಳಗಿಟ್ಟದ್ದು ನನ್ನ ತಪ್ಪು ಎಂದು ಅವರಿಗೆ ಹೇಳಿ, ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಜಡಿದು ಕೀಯನ್ನು ವಾಸಂತಿಗೆ ಕೊಟ್ಟರು.

“ಯಾರ ಕೈ ಚೈನಲ್ಲಿರುತ್ತೋ ಕೀ ಅವ್ರ ಹತ್ರ ಇರಬೇಕು. ಯಾರು ಕೇಳಿದ್ರೂ ಕೊಡಬೇಡ. ಹೋಗು, ಎಣ್ಣೆ ಹಾಕು.”

ಕಣ್ಣೊರೆಸಿಕೊಂಡು, ಕೀಯನ್ನು ಕಾರ್ಖಾನೆಯ ಕೋಟಿನ ಜೇಬಿಗೆ ಹಾಕಿ ವಾಸಂತಿ ಕೂತಳು. ಚೈನನ್ನು ಕೈಯಲ್ಲೇ ಸರಿಸುತ್ತ ಕೊಂಡಿಕೊಂಡಿಗೂ ಎಣ್ಣೆ ಬಿಟ್ಟಳು. ಅರ್ಧ ಮುಗಿದಿರಲಿಲ್ಲ, ಮ್ಯಾನೇಜರ್ ಮಷೀನ್ ಓಡಿಸಲು ಅವಸರ ಮಾಡುತ್ತ ಕೀಗಾಗಿ ಕೈ ಚಾಚಿದರು.

ವಾಸಂತಿ ತಲೆ ಎತ್ತಲಿಲ್ಲ. ಯಾರಿಗೂ ಬೇರೆ ಅರ್ಥ ಆಗದಂತೆ ತಮಿಳಿನಲ್ಲೇ ಹೇಳಿದಳು: “ಕೊಡೋಲ್ಲ ಸಾರ್. ನನ್ನ ಕೈ ಇನ್ನೂ ಒಳಗಿದೆ.”

ಚಾಚಿದ ಕೈ ಹಿಂದೆ ಹೋಯಿತು. ಪದ್ಮನಾಭರಿಗೆ ಹಿಗ್ಗು ತಡೆಯಲಾಗಲಿಲ್ಲ. “ಇವಳ ಕೆಲಸ ಮುಗಿಯೋವರೆಗೂ ಕಾಯೋಣ, ಸಾರ್” ಎಂದು ಮ್ಯಾನೇಜರಿಗೆ ಒಂದು ಕುರ್ಚಿ ಎಳೆದು ಹಾಕಿದರು.