ದೊಡ್ಡಪ್ಪ ನೋಡದ ಸೆಕೆಂಡ್ ಹಾಫ್

ಹೋದ ತಿಂಗಳು ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಳಿದು, ಹೋಟೆಲಿನ ಹಿಂದುಗಡೆ ಕೈ ತೊಳೆಯಲು ಹೋಗಿದ್ದೆ. ಪಕ್ಕದ ಕೊಟ್ಟಿಗೆಯಲ್ಲಿ ಯಾರೋ ಹಾಲು ಕರೆಯಲು ಕೂತರು. ಖಾಲಿ ಸ್ಟೀಲು ಬಕೆಟ್ಟಿನ ತಳಕ್ಕೆ ಮೊದಲ ಧಾರೆ ಬಿದ್ದಾಗ ಒಂದು ಸದ್ದು ಬರುತ್ತದಲ್ಲ, ಚುರ್ ಅಂತ ಶುರುವಾಗಿ ಹಾಲು ತುಂಬಿದ ಹಾಗೆ ಮೆತ್ತಗಾಗುವ ಸದ್ದು, ಅದು ಕಿವಿಗೆ ಬಿದ್ದದ್ದೇ ತಡ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಯಾರಿಗೋ ಏನೋ ಹೇಳಬೇಕು, ಈಗಲೇ ಓಡಿಹೋಗಿ ಹೇಳಬೇಕು ಅನ್ನಿಸಿಬಿಟ್ಟಿತು. ನಿಮಗೆ ಆ ಸದ್ದು ಕೇಳಿದರೆ ಬಿಸಿ ಕಾಫಿ ನೆನಪಾಗಬಹುದು. ನನಗೆ ನೆನಪಾಗುವುದು ಫುಟ್‌ಬಾಲ್.

ಪಾಂಡವಪುರದ ಹತ್ತಿರದ ನಮ್ಮೂರಿಗೆ ಫುಟ್‌ಬಾಲ್ ತಂದವರು ಹೈಸ್ಕೂಲಿನ ಒಬ್ಬ ಪಿ.ಟಿ. ಮೇಷ್ಟ್ರು. ಮೇಷ್ಟ್ರಿಗೆ ವರ್ಗವಾಯಿತು, ಆಟ ಊರಲ್ಲೇ ಉಳಿಯಿತು. ಕೆರೆಯಂಗಳದಲ್ಲಿ ನಮ್ಮ ತಂಡ ಆಡುವಾಗ ದಡದ ಮೇಲೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವನು ನನ್ನ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ಒಂದು ದಿನವೂ ಚೆಂಡು ಒದ್ದವನಲ್ಲ, ಆದರೆ ತಂಡದ ಹನ್ನೊಂದು ಹುಡುಗರೂ ಅವನ ಬಾಯಿಗೆ ಹೆದರುತ್ತಿದ್ದರು. ಅವನಿಗಿದ್ದ ಒಂದೇ ಕಷ್ಟವೆಂದರೆ ಗೌರಿ. ಗೌರಿ ನಮ್ಮ ಸೀಮೆ ಹಸು. ದೊಡ್ಡಪ್ಪನ ಕೈಯಲ್ಲದೆ ಬೇರೆಯವರ ಕೈಗೆ ಹಾಲು ಇಳಿಸುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಕರೆದು ಡೈರಿಗೆ ಹಾಲು ಹಾಕಬೇಕು, ತಡವಾದರೆ ಬಾಗಿಲು ಹಾಕಿಬಿಡುತ್ತಿದ್ದರು. ಹಾಗಾಗಿ ಹಾಫ್ ಟೈಮಿನ ಸೀಟಿ ಊದಿದ ಕೂಡಲೇ ದೊಡ್ಡಪ್ಪ ಗೊಣಗುತ್ತ ಎದ್ದು, ಹಿಂತಿರುಗಿ ನೋಡುತ್ತ ನೋಡುತ್ತ ಮನೆಗೆ ಹೋಗುತ್ತಿದ್ದ. ಯಾವ ಮ್ಯಾಚಿನದೂ ಸೆಕೆಂಡ್ ಹಾಫ್ ಅವನು ಕಂಡಿರಲಿಲ್ಲ.

ಅದನ್ನು ಅವನಿಗೆ ಹೇಳುವ ಕೆಲಸ ನನ್ನದು. ಆಟ ಮುಗಿದ ತಕ್ಷಣ ಲಂಗ ಎತ್ತಿಕಟ್ಟಿ ಓಡುತ್ತಿದ್ದೆ. ಕೊಟ್ಟಿಗೆಯಲ್ಲಿ ನೆನೆಸಿದ ಹಿಂಡಿಯ ವಾಸನೆ, ಒಳಗಿನಿಂದ ದೊಡ್ಡಮ್ಮ ಹುರುಳಿ ಹುರಿಯುವ ವಾಸನೆ, ಡೈರಿಯಿಂದ ಬಂದು, ಮನೆಗೆಂದು ಕೆಚ್ಚಲಲ್ಲಿ ಉಳಿಸಿದ್ದ ಹಾಲನ್ನು ಬಕೆಟ್ಟಿಗೆ ಚುರ್ ಅಂತ ಕರೆಯುತ್ತ ಕೂತ ದೊಡ್ಡಪ್ಪ. ದಾರಿಯಲ್ಲಿ ಯಾರಾದರೂ ಫಲಿತಾಂಶ ಒದರಿಬಿಟ್ಟರೆ ಅವರ ಮೇಲೆ ರೇಗುತ್ತಿದ್ದ. "ಗೆದ್ರೋ ಸೋತ್ರೋ ಆಮ್ಯಾಕೆ ಯೋಳು ಮಗ. ಯಂಗಾಡುದ್ರು, ಅದ ಯೋಳು," ಅನ್ನುತ್ತಿದ್ದ. ಗೆದ್ದ ಸುದ್ದಿಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಮೊದಲಿಂದ ಹೇಳುವುದೆಂದರೆ ನನಗೆ ಪ್ರಾಣಸಂಕಟ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತ ಹೇಳುತ್ತಿದ್ದೆ. ನಡುನಡುವೆ ಅವನು ತೀರ್ಪು ಕೊಡುತ್ತಿದ್ದ. "ಆ ಎಡಗಡೆ ಬ್ಯಾಕು ಮಂಜ ಅವ್ನಲ್ಲ, ಒದೆಯೋ ಕಾಲ್ನಲ್ಲಿ ನಿಂತ್ಕತಾನೆ, ನಿಲ್ಲೋ ಕಾಲ್ನಲ್ಲಿ ಒದೀತಾನೆ." ಮನೆಯ ತುಂಬ ಮಕ್ಕಳಿದ್ದರೂ ದಿನದಲ್ಲಿ ಅಷ್ಟು ಹೊತ್ತು ಒಬ್ಬ ದೊಡ್ಡವನು ನನ್ನ ಮಾತನ್ನೇ ಕೇಳುತ್ತಿದ್ದ. ನನಗೆ ಅದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ.

ಈಗ ಆ ಹೆಂಚಿನ ಮನೆ ಇಲ್ಲ. ಭಾಗವಾದ ಮೇಲೆ ಕೆಡವಿ ಮೂರು ಮನೆ ಕಟ್ಟಿಕೊಂಡರು, ಕೊಟ್ಟಿಗೆಯ ಜಾಗದಲ್ಲಿ ತಮ್ಮನ ಕಾರು ನಿಲ್ಲುತ್ತದೆ. ಊರಿಗೆ ಹೋದಾಗಲೆಲ್ಲ ಆ ಕಾರಿನ ಮೇಲೆ ನನಗೆ ಸುಮ್ಮನೆ ಸಿಟ್ಟು ಬರುತ್ತದೆ.

ಒಂದು ವರ್ಷ ನಮ್ಮ ತಂಡ ಶ್ರೀರಂಗಪಟ್ಟಣದ ಪಂದ್ಯಾವಳಿಯಲ್ಲಿ ಫೈನಲ್ ತಲುಪಿತು. ಎದುರಿಗೆ ಕೆ.ಆರ್. ಪೇಟೆಯ ತಂಡ. ದೊಡ್ಡಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ದೊಡ್ಡಮ್ಮನೇ ಅಂದಳು: "ಓಗಿ ಪೂರ್ತಿ ನೋಡ್ಕಂಡು ಬನ್ನಿ. ನಿಮ್ಮಂಗಿ ಆಕ್ಕಂಡು ನಾನೇ ಕರೀತೀನಿ. ವಾಸ್ನೆಗೆ ಮೋಸ ಓಯ್ತಾಳೆ ಅವ್ಳು." ಅವನ ಮುಖ ಅರಳಿತು. ನನಗೆ ಮಾತ್ರ ಅದು ಬೇಡವಾಗಿತ್ತು. ಅವನೇ ಕಣ್ಣಾರೆ ನೋಡಿಬಿಟ್ಟರೆ ನಾನು ಹೇಳುವುದೇನು? ಒಂದು ಸಲ ರುಚಿ ಹತ್ತಿದರೆ ಇನ್ನು ಮೇಲೆ ನನ್ನನ್ನು ಯಾಕೆ ಕಾಯುತ್ತಾನೆ? ಟೆಂಪೋದಲ್ಲಿ ಅವನ ಪಕ್ಕ ಕೂತು ದಾರಿಯುದ್ದಕ್ಕೂ ಉಗುರು ಕಚ್ಚಿದೆ.

ಮೊದಲ ಅರ್ಧದಲ್ಲಿ ನಮ್ಮವರು ಆಡಿದ ಹಾಗೆ ಮತ್ತೆಂದೂ ಆಡಲಿಲ್ಲ. ಬಲಗಡೆಯಿಂದ ಬಂದ ಚೆಂಡಿಗೆ ತಲೆ ಕೊಟ್ಟು ಒಂದು ಗೋಲು ಹೊಡೆದರು. ಹಾಫ್ ಟೈಮಿನ ಸೀಟಿ ಕೇಳಿತು. ದೊಡ್ಡಪ್ಪ ಅಭ್ಯಾಸಬಲದಿಂದ ಎದ್ದುನಿಂತ, ಮತ್ತೆ ನಾಚಿಕೊಂಡು ಕೂತ. ಆಮೇಲಿನದನ್ನು ನೆನೆದರೆ ಇವತ್ತಿಗೂ ನನಗೆ ಕೋಪ ಬರುತ್ತದೆ. ಆಡಿ ಗೆಲ್ಲುವುದು ಬಿಟ್ಟು, ಇದ್ದ ಒಂದು ಗೋಲನ್ನು ಕಾಯಲು ಹೋಗಿ ಎಲ್ಲರೂ ನಮ್ಮ ಗೋಲಿನ ಮುಂದೆ ಗುಂಪುಗಟ್ಟಿ ನಿಂತರು. ಎದುರಿನವರು ಬಂದದ್ದೇ ಬಂದದ್ದು. ಒಂದು ಗೋಲು ಮಂಜನ ಮಂಡಿಗೆ ಬಡಿದೇ ಒಳಗೆ ಹೋಯಿತು. ಇನ್ನೊಂದು ನಮ್ಮ ಗೋಲ್‌ಕೀಪರನ ಕೈಯಿಂದ ಜಾರಿತು. ದೊಡ್ಡಪ್ಪನಿಗೆ ಎಲ್ಲಿ ನೋಡಬೇಕೆಂದೇ ತಿಳಿಯುತ್ತಿರಲಿಲ್ಲ. ಚೆಂಡು ನೋಡುತ್ತಿದ್ದ, ಬಿಸಿಲು ನೋಡುತ್ತಿದ್ದ, ಟವಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. "ಕರದ್ಲೋ ಏನೋ," ಅಂತ ಒಮ್ಮೆ ತನ್ನಷ್ಟಕ್ಕೇ ಅಂದ. ಆಟ ಮುಗಿದಾಗ ಅವನು ಯಾರನ್ನೂ ಬೈಯಲಿಲ್ಲ. ಅದೇ ಹುಡುಗರಿಗೆ ಹೆಚ್ಚು ನೋವಾಯಿತು.

ಮನೆಗೆ ಬಂದಾಗ ದೊಡ್ಡಮ್ಮ ಅವನ ಅಂಗಿಯಲ್ಲೇ ಬಾಗಿಲಿಗೆ ಬಂದಳು. "ಕೊಟ್ಬುಟ್ಲು ಕನ್ರೀ, ನೀವಿದ್ದಂಗೇ," ಅಂದಳು ಸಂಭ್ರಮದಿಂದ. ದೊಡ್ಡಪ್ಪ ಸರಿ ಎನ್ನುವಂತೆ ತಲೆಯಾಡಿಸಿ ಕೊಟ್ಟಿಗೆಗೆ ಹೋದ. ಅಲ್ಲಿ ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಗೌರಿ ಮೆಲುಕು ಹಾಕುತ್ತಿದ್ದಳು. ಮಣೆಯ ಮೇಲೆ ಕೂತ. ನಾನು ಬಾಗಿಲಲ್ಲೇ ನಿಂತಿದ್ದೆ, ಒಳಗೆ ಹೋಗಲೂ ಆಗದೆ ಹೊರಗೆ ಹೋಗಲೂ ಆಗದೆ.

"ಬಾ ಮಗ," ಅಂದ. "ಸೆಕೆಂಡ್ ಹಾಫು ಯಂಗಿತ್ತು, ಯೋಳು."

"ನೀನೇ ನೋಡ್ದಲ್ಲ ದೊಡ್ಡಪ್ಪ."

"ನೋಡ್ದೆ. ಏನೂ ಕಾಣ್ಲಿಲ್ಲ ಕನವ್ವ. ನೀನು ಯೋಳು."

ಹೇಳಿದೆ. ಎರಡು ಗೋಲು ಬಿದ್ದದ್ದನ್ನೂ ಇದ್ದ ಹಾಗೇ ಹೇಳಿದೆ. ಮಂಜ ಆಮೇಲೆ ಕುಂಟುತ್ತಲೇ ಓಡಿದ್ದನ್ನು ಹೇಳಿದಾಗ, "ಓಡುದ್ನಾ?" ಅಂತ ತಲೆಯೆತ್ತಿದ. ಆಗ ಅವನ ಕಣ್ಣು ತುಂಬಿತ್ತು.

ಒಂದೆರಡು ವರ್ಷಕ್ಕೆ ದೊಡ್ಡಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ ಗೌರಿಯನ್ನು ಮಾರಿದರು. ಡೈರಿಯ ದಾರಿ ನಿಂತಿತು, ಸಂಜೆಗಳೆಲ್ಲ ಅವನವೇ ಆದವು. ಆದರೂ ಅವನು ಸಾಯುವ ತನಕ, ಹಾಫ್ ಟೈಮಿನ ಸೀಟಿ ಊದಿದ ಕೂಡಲೇ ಟವಲು ಕೊಡವಿ ಎದ್ದು ಮನೆಗೆ ನಡೆಯುತ್ತಿದ್ದ. ನಾನು ಓಡಿ ಬರುವ ಹೊತ್ತಿಗೆ ಖಾಲಿ ಕೊಟ್ಟಿಗೆಯಲ್ಲಿ ಕೂತು ಕಾಯುತ್ತಿದ್ದ.