ದೊಡ್ಡಕ್ಕ ಗುಡಿಸಿದ ಕೋಣೆ

ದೊಡ್ಡಕ್ಕನ ಕೈ ನಡುಗುವುದನ್ನು ಮೊದಲು ಕಂಡವನು ಅವಳ ಗಂಡ. ಗಡಿಯಾರ ರಿಪೇರಿ ಮಾಡುವ ಮನುಷ್ಯ, ಕೂದಲೆಳೆಯಷ್ಟು ಅಲುಗಿದರೂ ಅವನ ಕಣ್ಣಿಗೆ ಬೀಳುತ್ತದೆ. ಲೋಟ ಕೊಡುವಾಗ ಚಹಾ ತುಳುಕಿತು. ವಯಸ್ಸಾಯಿತು ಬಿಡಿ ಎಂದಳು. ಐವತ್ತಕ್ಕೆ ಎಂಥ ವಯಸ್ಸು ಎಂದು ದುಂಬಾಲು ಬಿದ್ದು ಅವನು ಪರೀಕ್ಷೆ ಮಾಡಿಸಿದ. ಮೂತ್ರದಲ್ಲಿ ಪಾದರಸ ಮಿತಿ ಮೀರಿತ್ತು.

ಇಪ್ಪತ್ತೆರಡು ವರ್ಷದಿಂದ ಅವಳು ಒಬ್ಬರೇ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಹುಳುಕು ಹಲ್ಲಿಗೆ ತುಂಬುವ ಬೆಳ್ಳಿಪುಡಿಗೆ ಪಾದರಸ ಬೆರೆಸುವುದು ಮೊದಲೆಲ್ಲ ಅವಳದೇ ಕೆಲಸ; ಈಗೀಗ ಎರಡೂ ಮುಚ್ಚಿದ ಕ್ಯಾಪ್ಸೂಲಿನಲ್ಲೇ ಬರುತ್ತವೆ. ಡಾಕ್ಟರು ಕೈ ಚಾಚುವ ಮೊದಲೇ ಬೇಕಾದ ಇಕ್ಕಳ ಅವರ ಅಂಗೈಯಲ್ಲಿ ಇರುತ್ತಿತ್ತು. ಮೇಲಾಗಿ ಶುಚಿಯ ಹುಚ್ಚು. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಮುಚ್ಚಿಕೊಂಡು, ವ್ಯಾಕ್ಯೂಮ್ ಕ್ಲೀನರನ್ನು ಮೂಲೆಮೂಲೆಗೆ ಎಳೆದರೇನೇ ಅವಳಿಗೆ ಸಮಾಧಾನ. ಅದನ್ನು ಬೇರೆಯವರು ಮುಟ್ಟುವಂತಿಲ್ಲ. ನೀವು ಗುಡಿಸಿದರೆ ಧೂಳು ಜಾಗ ಬದಲಿಸುತ್ತದೆ ಅಷ್ಟೇ ಎಂದು ಡಾಕ್ಟರನ್ನೂ ಬಿಟ್ಟವಳಲ್ಲ.

ಆದರೆ ಅವಳ ನಿದ್ದೆ ಕೆಡಿಸಿದ್ದು ತನ್ನ ಕೈಯಲ್ಲ, ಚಿಕ್ಕಕ್ಕನ ಹೊಟ್ಟೆ. ಚಿಕ್ಕಕ್ಕ ಇನ್ನೊಬ್ಬ ಸಹಾಯಕಿ, ಐದು ತಿಂಗಳ ಬಸುರಿ, ಎಂಟು ವರ್ಷ ಕಾದು ನಿಂತ ಬಸಿರು. ಪಾದರಸ ಎಲ್ಲಿಂದ ಬರುತ್ತಿದೆಯೋ ಅಲ್ಲೇ ಅವಳೂ ಉಸಿರಾಡುತ್ತಿದ್ದಾಳೆ. ತಾಯಿಯ ಉಸಿರಿನಿಂದ ಅದು ಕೂಸಿಗೂ ಹೋಗುತ್ತದೆ ಎಂದು ಲ್ಯಾಬಿನವರು ಹೇಳಿದ್ದರು.

ಗಾಳಿಯಲ್ಲಿನ ಪಾದರಸ ಅಳೆಯಲು ಲ್ಯಾಬಿನಿಂದ ಮೀಟರಿನವನು ಬಂದ. ಹೆಗಲಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ಸಣ್ಣ ಕೊಳವೆ. ಕುರ್ಚಿಯ ಬುಡ, ಬಾಯಿ ಮುಕ್ಕಳಿಸುವ ಬೇಸಿನ್ನು, ಕ್ಯಾಪ್ಸೂಲ್ ಕುಲುಕುವ ಯಂತ್ರ, ಸಲಕರಣೆ ಕಾಯಿಸುವ ಒಲೆ, ಹಲ್ಲಿಗೆ ತುಂಬಿ ಉಳಿದ ಚೂರುಗಳ ಶೀಸೆ, ಒಂದೊಂದಕ್ಕೂ ಕೊಳವೆ ಹಿಡಿದ. ಪ್ರತಿ ಸಲವೂ ದೊಡ್ಡಕ್ಕ ಬಗ್ಗಿ ಅಂಕಿ ನೋಡಿದಳು. ಎಲ್ಲವೂ ಮಿತಿಯ ಒಳಗೇ ಇದ್ದವು. ಡಾಕ್ಟರ ಮುಖ ಸಡಿಲವಾಯಿತು. ಹಾಗಾದರೆ ನಿಮ್ಮ ಮನೆಯಲ್ಲೇ ಏನೋ ಇರಬೇಕು ಎಂದರು. ಮೀಟರಿನವನು ಪೆಟ್ಟಿಗೆ ಮುಚ್ಚಿದ.

ನೆಮ್ಮದಿಯಾದ ಚಿಕ್ಕಕ್ಕ ಕಪಾಟು ತೆರೆದು ವ್ಯಾಕ್ಯೂಮ್ ಕ್ಲೀನರ್ ಎಳೆದಳು. ದೊಡ್ಡಕ್ಕನ ಕೈ ಸೋತದ್ದರಿಂದ ಎರಡು ಸಂಜೆಯಿಂದ ಗುಡಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಆ ಮೆಷೀನಿನ ಉದ್ದ ಕೊಳವೆ ಕಂಡದ್ದೇ ದೊಡ್ಡಕ್ಕನಿಗೆ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ, ಡಾಕ್ಟರು ಬರುವ ಮೊದಲು, ಪಾದರಸದ ಬಾಟ್ಲಿ ಅವಳ ಕೈಯಿಂದ ಜಾರಿತ್ತು. ಬೆಳ್ಳಿಯ ಗುಂಡುಗಳು ಕುರ್ಚಿಯಡಿ ಚೆಲ್ಲಾಪಿಲ್ಲಿ. ಏನೂ ಬೀಳಿಸದವಳು ಎಂಬ ಹೆಸರು ಉಳಿಯಬೇಕಲ್ಲ. ಇದೇ ಮೆಷೀನಿನಿಂದ ಎರಡೇ ನಿಮಿಷದಲ್ಲಿ ಎಲ್ಲವನ್ನೂ ಹೀರಿಸಿ, ಬಾಟ್ಲಿ ಖಾಲಿಯಾಯಿತು ಎಂದು ಸುಳ್ಳು ಹೇಳಿದ್ದಳು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದಳು ಕೂಡ. ಚೀಲ ಎಷ್ಟೋ ಸಲ ಬದಲಾಯಿತು, ಕೊಳವೆ ಮಾತ್ರ ಅದೇ, ಅದರೊಳಗೆ ಅಂಟಿಕೊಂಡ ಪಾದರಸವೂ ಅದೇ.

ಈಗಲೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮೆಷೀನು ಹಳತಾಯಿತು, ಎಸೆಯಿರಿ ಎಂದರೆ ಸಾಕಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಇಪ್ಪತ್ತೆರಡು ವರ್ಷದ ಹೆಸರೂ ಹೋಗುತ್ತದೆ. ಆದರೆ ಆ ಎರಡು ಸಂಜೆ ಕೂಸಿಗೆ ಏನಾಗಿದೆಯೋ ಯಾರು ನೋಡುತ್ತಾರೆ? ಚಿಕ್ಕಕ್ಕನ ಬೆರಳು ಆಗಲೇ ಸ್ವಿಚ್ಚಿನ ಮೇಲಿತ್ತು.

"ಹಾಕಬೇಡ," ಎಂದಳು ದೊಡ್ಡಕ್ಕ. "ನೀನು ಆಚೆ ಹೋಗು. ಮೀಟರಿನೋರೇ, ಪೆಟ್ಟಿಗೆ ತೆಗೀರಿ."

ಸ್ವಿಚ್ಚನ್ನು ತಾನೇ ಒತ್ತಿದಳು. ಮೋಟಾರು ಬಿಸಿಯಾಗಿ ಹಿಂದಿನಿಂದ ಗಾಳಿ ಬಂತು. ಮೀಟರಿನವನು ಅಲ್ಲಿ ಕೊಳವೆ ಹಿಡಿದ. ಅಂಕಿ ಏರಿತು, ಏರಿತು, ಕೊನೆಗೆ ಮೀಟರು ಕಿರುಚತೊಡಗಿತು. ಅವನು ಓಡಿಹೋಗಿ ಪ್ಲಗ್ ಕಿತ್ತು ಕಿಟಕಿಗಳನ್ನೆಲ್ಲ ತೆರೆದ.

ದೊಡ್ಡಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಡಾಕ್ಟರು ರೋಗಿಯ ಕುರ್ಚಿಯಲ್ಲಿ ಕುಸಿದು ಕುಳಿತರು. ಬಾಗಿಲಾಚೆಯಿಂದ ಚಿಕ್ಕಕ್ಕ ಕೇಳಿದಳು, "ನಿಮಗೆ ಗೊತ್ತಿತ್ತಾ?"

"ಚೆಲ್ಲಿದ್ದು ಗೊತ್ತಿತ್ತು. ದಿನಾ ಇದು ಉಗುಳ್ತಾ ಇತ್ತು ಅಂತ ಗೊತ್ತಿರಲಿಲ್ಲ."

ಚಿಕ್ಕಕ್ಕ ಹೊಟ್ಟೆ ಹಿಡಿದುಕೊಂಡು, ಹೋಗಿಬರ್ತೀನಿ ಎಂದೂ ಹೇಳದೆ ಹೊರಟುಹೋದಳು.

ಅವಳ ಪರೀಕ್ಷೆಯ ಫಲಿತಾಂಶಕ್ಕೆ ಹತ್ತು ದಿನ ಬೇಕಾಯಿತು. ಆ ಹತ್ತು ದಿನವೂ ದೊಡ್ಡಕ್ಕ ಫೋನಿನ ಪಕ್ಕ ಬಿಟ್ಟು ಏಳಲಿಲ್ಲ. ಕೆಲಸದಿಂದ ತೆಗೆದಿದ್ದೇವೆ ಎಂಬ ಕಾಗದ ಬಂದಾಗ ಓದಿ ಮಡಚಿಟ್ಟಳು, ಅದರ ನೋವು ಮುಟ್ಟಲೇ ಇಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಫೋನು ಬಂತು. ಗಂಡ ಕನ್ನಡಕ ತೆಗೆದು ಅವಳನ್ನೇ ನೋಡುತ್ತ ಕುಳಿತ.

ಚಿಕ್ಕಕ್ಕನ ದನಿ ಒಣಗಿತ್ತು. ತನ್ನ ರಕ್ತದಲ್ಲೂ ಮೂತ್ರದಲ್ಲೂ ಪಾದರಸ ಮಿತಿ ಮೀರಿಲ್ಲ, ಎರಡೇ ಸಂಜೆಯಾದ್ದರಿಂದ ತಾನೂ ಕೂಸೂ ಬಚಾವು ಎಂದಳು. ಆಮೇಲೆ, "ಅಷ್ಟು ವರ್ಷ ಅದನ್ನ ಬೇರೆ ಯಾರಿಗೂ ಮುಟ್ಟೋಕೆ ಬಿಡಲಿಲ್ಲವಲ್ಲ ಅಕ್ಕ ನೀವು," ಎಂದು ಫೋನಿಟ್ಟಳು.

ದೊಡ್ಡಕ್ಕ ಚಹಾದ ಲೋಟ ಎತ್ತಿಕೊಂಡಳು. ಅರ್ಧ ಸೆರಗಿನ ಮೇಲೆಯೇ ಚೆಲ್ಲಿತು. ಅಳುತ್ತ ಅಳುತ್ತಲೇ ಉಳಿದರ್ಧವನ್ನು ಪೂರ್ತಿ ಕುಡಿದಳು.